ಬಿಸಿಲು ಮತ್ತು ಶಾಖದಿಂದ ವಿದ್ಯುತ್: ದಕ್ಷತೆಯ ಅಂಕಿಯನ್ನು ಓದುವುದು ಹೇಗೆ?

ಎರಡು ಪದರದ ಸೌರಕೋಶದ ದಕ್ಷತೆ ಶೇ 34. ಕಾದ ವಸ್ತು ಸೂಸುವ ಬೆಳಕಿನಿಂದ ವಿದ್ಯುತ್ ಮಾಡುವ ಥರ್ಮೋಫೋಟೊವೋಲ್ಟಾಯಿಕ್ ಕೋಶದ್ದು ಶೇ 41. ಎರಡು ಬದಿಯ ಬಿಸಿಯ ಅಂತರದಿಂದಲೇ ವಿದ್ಯುತ್ ಮಾಡುವ ಥರ್ಮೋಎಲೆಕ್ಟ್ರಿಕ್ ಮಾಡ್ಯೂಲಿನದು ಶೇ 4. ಮೂರನ್ನೂ ಸಾಲಾಗಿ ನಿಲ್ಲಿಸಿ ಯಾವುದು ಮೇಲು ಎಂದು ಕೇಳಿದರೆ ಉತ್ತರ ತಪ್ಪಾಗಿಯೇ ಬರುತ್ತದೆ. ಈ ಮೂರೂ ಬೇರೆ ಬೇರೆ ಬಿಸಿಯಲ್ಲಿ ಕೆಲಸ ಮಾಡುವ ಸಾಧನಗಳು. ಶಾಖ ಎಷ್ಟಿದೆ ಎನ್ನುವುದಕ್ಕಿಂತ ಅದು ಎಷ್ಟು ಡಿಗ್ರಿಯಲ್ಲಿದೆ, ಕೊನೆಗೆ ಎಷ್ಟು ಡಿಗ್ರಿಗೆ ಇಳಿಯುತ್ತದೆ ಎಂಬುದನ್ನು ಮೊದಲು ನೋಡಬೇಕು.

1824ರಲ್ಲಿ ಫ್ರಾನ್ಸಿನ ಎಂಜಿನಿಯರ್ ಸಾದಿ ಕಾರ್ನೊ ಶಾಖವನ್ನು ಮೇಲಿನಿಂದ ಬೀಳುವ ನೀರಿಗೆ ಹೋಲಿಸಿದ್ದ. ನೀರಿನ ಪ್ರಮಾಣ ಒಂದೇ ಇದ್ದರೂ ಬೀಳುವ ಎತ್ತರ ಹೆಚ್ಚಿದಷ್ಟು ಅದರಿಂದ ಸಿಗುವ ಕೆಲಸ ಹೆಚ್ಚು. ಶಾಖದ ಲೆಕ್ಕ ಇನ್ನೂ ಸರಳ: ತಣ್ಣನೆಯ ಬದಿಯ ತಾಪಮಾನವನ್ನು ಬಿಸಿ ಬದಿಯ ತಾಪಮಾನದಿಂದ ಭಾಗಿಸಿ, ಬಂದದ್ದನ್ನು ಒಂದರಿಂದ ಕಳೆಯಿರಿ. ಎರಡೂ ಕೆಲ್ವಿನ್‌ನಲ್ಲಿರಬೇಕು, ಅಂದರೆ ಸೆಲ್ಸಿಯಸ್‌ಗೆ 273 ಸೇರಿಸಬೇಕು. ತಣ್ಣನೆಯ ಬದಿ 27 ಡಿಗ್ರಿ ಇದೆ ಎಂದುಕೊಂಡರೆ, 100 ಡಿಗ್ರಿಯ ಶಾಖದಿಂದ ಹೆಚ್ಚೆಂದರೆ ಶೇ 20ರಷ್ಟನ್ನು ವಿದ್ಯುತ್ತಾಗಿಸಬಹುದು. 565 ಡಿಗ್ರಿಯದ್ದಾದರೆ ಶೇ 64, 2400 ಡಿಗ್ರಿಯದ್ದಾದರೆ ಶೇ 89. ಸೂರ್ಯನ ಮೇಲ್ಮೈ ಸುಮಾರು 5500 ಡಿಗ್ರಿ, ಅಲ್ಲಿ ಮಿತಿ ಶೇ 95ರ ಹತ್ತಿರ. ಎಷ್ಟೇ ಜಾಣ ಯಂತ್ರವಾದರೂ ಈ ಗೆರೆಯನ್ನು ದಾಟಲಾರದು. ಇನ್ನು ಮುಂದಿನದನ್ನು ಅತಿ ಬಿಸಿಯಿಂದ ಶುರುಮಾಡಿ ಕೆಳಗಿಳಿಯುತ್ತಾ ನೋಡೋಣ.

ಸಿಲಿಕಾನ್ ಬಿಸಿಲನ್ನು ಎಲ್ಲಿ ಕಳೆದುಕೊಳ್ಳುತ್ತದೆ

ಬಿಸಿಲು ಅಂದರೆ 5500 ಡಿಗ್ರಿಯ ಶಾಖವೇ, ಬೆಳಕಿನ ರೂಪದಲ್ಲಿ ಬಂದಿರುತ್ತದೆ ಅಷ್ಟೆ. ಮಿತಿ ಶೇ 95 ಇದ್ದರೂ ಮಾರುಕಟ್ಟೆಯ ಫಲಕ ಶೇ 20-24ರಲ್ಲೇ ನಿಲ್ಲುವುದೇಕೆ? ಸಿಲಿಕಾನ್‌ನಲ್ಲಿ ಒಂದು ಎಲೆಕ್ಟ್ರಾನನ್ನು ಬಿಡಿಸಿ ಓಡಾಡುವಂತೆ ಮಾಡಲು 1.12 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು. ಇದಕ್ಕೆ ಬ್ಯಾಂಡ್‌ಗ್ಯಾಪ್ ಎನ್ನುತ್ತಾರೆ. ಅಷ್ಟು ಶಕ್ತಿಯಿಲ್ಲದ ಫೋಟಾನ್ (ಬೆಳಕಿನ ಕಣ), ಅಂದರೆ ಸುಮಾರು 1100 ನ್ಯಾನೋಮೀಟರಿಗಿಂತ ಉದ್ದದ ತರಂಗದ ಅವಕೆಂಪು ಕಿರಣ, ಏನೂ ಮಾಡದೆ ದಾಟಿಹೋಗುತ್ತದೆ. ಬಿಸಿಲಿನ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲು ಹೀಗೇ ಹೋಗುತ್ತದೆ. ಹೆಚ್ಚು ಶಕ್ತಿಯ ಫೋಟಾನ್ ಬಂದರೂ ಲಾಭವಿಲ್ಲ. 450 ನ್ಯಾನೋಮೀಟರಿನ ನೀಲಿ ಬೆಳಕಿನ ಫೋಟಾನ್ 2.76 ಎಲೆಕ್ಟ್ರಾನ್‌ವೋಲ್ಟ್ ಹೊತ್ತು ತರುತ್ತದೆ, ಸಿಲಿಕಾನ್ ಅದರಲ್ಲಿ 1.12ನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಬಿಸಿಯಾಗಿಸುತ್ತದೆ. ಬಿಸಿಲಿನ ಮೂರನೇ ಒಂದು ಪಾಲು ಈ ದಾರಿಯಲ್ಲಿ ನಷ್ಟ.

ವಿಲಿಯಂ ಶಾಕ್ಲಿ ಮತ್ತು ಹ್ಯಾನ್ಸ್ ಕ್ವೈಸರ್ 1961ರಲ್ಲಿ ಈ ಲೆಕ್ಕ ಹಾಕಿದರು. ಒಂದೇ ಪದಾರ್ಥದ ಕೋಶಕ್ಕೆ, ಬೆಳಕನ್ನು ಮಸೂರದಿಂದ ಕೇಂದ್ರೀಕರಿಸದಿದ್ದರೆ, ಅತ್ಯುತ್ತಮ ಮಿತಿ ಸುಮಾರು ಶೇ 33.7. ಸಿಲಿಕಾನ್‌ನ ಒಳಗಿನ ಇತರ ನಷ್ಟಗಳನ್ನೂ ಸೇರಿಸಿದರೆ ಅದರ ಮಿತಿ ಶೇ 29.4. ಪ್ರಯೋಗಾಲಯದ ಸಿಲಿಕಾನ್ ಕೋಶಗಳು ಈಗಾಗಲೇ ಶೇ 27 ದಾಟಿವೆ. ಹಾಗಾಗಿ ಸಿಲಿಕಾನ್ ಒಂದರಿಂದಲೇ ಇನ್ನು ಪಡೆಯಬಹುದಾದದ್ದು ಸ್ವಲ್ಪವೇ.

ಫಲಕದ ಹಿಂದಿನ ಚೀಟಿಯಲ್ಲಿರುವ ವಾಟ್ ಸಂಖ್ಯೆಯನ್ನು ಚದರ ಮೀಟರಿಗೆ 1000 ವಾಟ್ ಬೆಳಕಿನಲ್ಲಿ, ಕೋಶವನ್ನು 25 ಡಿಗ್ರಿಯಲ್ಲಿಟ್ಟು ಅಳೆದಿರುತ್ತಾರೆ. ಉರಿಬಿಸಿಲಿನಲ್ಲಿ ಕೋಶ 65 ಡಿಗ್ರಿಗೆ ಏರುವುದು ಮಾಮೂಲು. ಸಿಲಿಕಾನ್ ಪ್ರತಿ ಡಿಗ್ರಿಗೆ ಸುಮಾರು ಶೇ 0.35 ಕಳೆದುಕೊಳ್ಳುತ್ತದೆ. 40 ಡಿಗ್ರಿ ಏರಿದರೆ ಶೇ 14 ಹೋಯಿತು. ಚೀಟಿಯ 400 ವಾಟ್ ಫಲಕ 344ಕ್ಕೆ ಇಳಿದರೆ ಅದು ಫಲಕದ ದೋಷವಲ್ಲ.

ಸಿಲಿಕಾನ್ ಮೇಲೊಂದು ಪೆರೋವ್‌ಸ್ಕೈಟ್ ಪದರ

ನೀಲಿ-ಹಸಿರು ಬೆಳಕನ್ನು ಹೆಚ್ಚಿನ ಬ್ಯಾಂಡ್‌ಗ್ಯಾಪ್‌ನ ಪದಾರ್ಥಕ್ಕೂ, ಕೆಂಪು ಮತ್ತು ಅವಕೆಂಪನ್ನು ಸಿಲಿಕಾನ್‌ಗೂ ಹಂಚುವುದು ಉಪಾಯ. ಹೀಗೆ ಒಂದರ ಮೇಲೊಂದು ಇಟ್ಟ ಕೋಶಕ್ಕೆ ಟ್ಯಾಂಡೆಮ್ ಎಂಬ ಹೆಸರು. ಇದರ ಸೈದ್ಧಾಂತಿಕ ಮಿತಿ ಶೇ 45ರ ಆಸುಪಾಸು. ಮೇಲಿನ ಪದರಕ್ಕೆ ಸುಮಾರು 1.68 ಎಲೆಕ್ಟ್ರಾನ್‌ವೋಲ್ಟ್ ಬೇಕು, ಮತ್ತು ಅದನ್ನು ಸಿಲಿಕಾನ್ ಹಾಳಾಗದಷ್ಟು ಕಡಿಮೆ ಬಿಸಿಯಲ್ಲಿ ಬಳಿಯುವಂತಿರಬೇಕು. ಇವೆರಡನ್ನೂ ಒಟ್ಟಿಗೆ ಕೊಡುವುದರಿಂದಲೇ ಪೆರೋವ್‌ಸ್ಕೈಟ್‌ಗೆ ಇಷ್ಟು ಬೇಡಿಕೆ.

ಮೂಲ ಪೆರೋವ್‌ಸ್ಕೈಟ್ 1839ರಲ್ಲಿ ಉರಾಲ್ ಬೆಟ್ಟಗಳಲ್ಲಿ ಸಿಕ್ಕ ಕ್ಯಾಲ್ಸಿಯಂ ಟೈಟನೇಟ್ ಖನಿಜ. ಸೌರಕೋಶದಲ್ಲಿರುವುದು ಅದೇ ಹರಳು ವಿನ್ಯಾಸದ ಬೇರೆ ಪದಾರ್ಥ. ಅದರಲ್ಲಿ ಸೀಸ, ಅಯೋಡಿನ್, ಬ್ರೋಮಿನ್ ಮತ್ತು ಫಾರ್ಮಮಿಡಿನಿಯಂ ಅಥವಾ ಸೀಸಿಯಂ ಅಯಾನುಗಳಿರುತ್ತವೆ. 2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕಾ ತಂಡ ಮೊದಲ ಬಾರಿ ಇದರಿಂದ ಕೋಶ ಮಾಡಿದಾಗ ದಕ್ಷತೆ ಶೇ 3.8 ಇತ್ತು. 2024ರಲ್ಲಿ ಚೀನಾದ ಲೊಂಜಿ ಕಂಪನಿಯ ಟ್ಯಾಂಡೆಮ್ ಕೋಶ ಶೇ 34.6 ಮುಟ್ಟಿತು. ಸಿಲಿಕಾನ್ 130-180 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪವಿದ್ದರೆ ಪೆರೋವ್‌ಸ್ಕೈಟ್ ಪದರ ಅರ್ಧ ಮೈಕ್ರಾನ್ ಆಸುಪಾಸು ಇದ್ದರೆ ಸಾಕು.

ಆದರೆ ಇಂಥ ದಾಖಲೆಗಳು ಸಾಮಾನ್ಯವಾಗಿ ಒಂದು ಚದರ ಸೆಂಟಿಮೀಟರ್ ಗಾತ್ರದ ಕೋಶದವು. ಅದೇ ವರ್ಷ ಆಕ್ಸ್‌ಫರ್ಡ್ ಪಿವಿ ಕಂಪನಿ ಮಾರಾಟಕ್ಕೆ ಕಳಿಸಿದ ಟ್ಯಾಂಡೆಮ್ ಫಲಕದ ದಕ್ಷತೆ ಶೇ 24.5. ನಡುವಿನ ಹತ್ತು ಅಂಶ ಎಲ್ಲಿ ಹೋಯಿತು ಎಂದು ನೋಡಿದರೆ ಈ ತಂತ್ರಜ್ಞಾನದ ಕಷ್ಟ ಅರ್ಥವಾಗುತ್ತದೆ.

ಮೊದಲನೆಯದು ಬಳಿಯುವ ಕಷ್ಟ. ಬೆಳಕು ಹಿಂದಕ್ಕೆ ಚಿಮ್ಮದಿರಲೆಂದು ಸಿಲಿಕಾನ್ ಮೇಲ್ಮೈಯನ್ನು ಸಣ್ಣ ಪಿರಮಿಡ್ಡುಗಳಾಗಿ ಕೊರೆದಿರುತ್ತಾರೆ, ಒಂದೊಂದೂ ಕೆಲವು ಮೈಕ್ರಾನ್ ಎತ್ತರ. ಅದರ ಮೇಲೆ ಅರ್ಧ ಮೈಕ್ರಾನಿನ ದ್ರಾವಣ ಬಳಿದರೆ ತುದಿಗಳು ಬರಿದಾಗಿ ಉಳಿದು ಶಾರ್ಟ್ ಆಗುತ್ತವೆ. ಪಿರಮಿಡ್ಡುಗಳನ್ನು ಒಂದು ಮೈಕ್ರಾನಿಗಿಂತ ಚಿಕ್ಕದಾಗಿಸಬೇಕು, ಇಲ್ಲವೇ ನಿರ್ವಾತದಲ್ಲಿ ಆವಿಯಾಗಿಸಿ ಪದರ ಕೂರಿಸಬೇಕು. ಚಿಕ್ಕ ಕೋಶವನ್ನು ಗಿರಗಿರನೆ ತಿರುಗಿಸಿ ದ್ರಾವಣ ಹರಡಿಸುವ ವಿಧಾನ ದೊಡ್ಡ ಹಾಳೆಗೆ ನಡೆಯುವುದಿಲ್ಲ.

ಎರಡನೆಯದು ಕರೆಂಟ್ ಹೊಂದಾಣಿಕೆ. ಎರಡು ಕೋಶಗಳು ಸರಣಿಯಲ್ಲಿ ಇರುವುದರಿಂದ ಕಡಿಮೆ ಕರೆಂಟ್ ಕೊಡುವುದು ಇನ್ನೊಂದನ್ನೂ ತಡೆಹಿಡಿಯುತ್ತದೆ. ತಲಾ ಚದರ ಸೆಂಟಿಮೀಟರಿಗೆ 20 ಮಿಲಿಆಂಪ್ ಆಸುಪಾಸು ಬರುವಂತೆ ಪದರದ ದಪ್ಪ ಹೊಂದಿಸಬೇಕು. ಬೆಳಗ್ಗೆ ಮತ್ತು ಸಂಜೆ ಬಿಸಿಲು ಕೆಂಪಾಗುವಾಗ ಆ ಹೊಂದಾಣಿಕೆ ತಪ್ಪುತ್ತದೆ.

ಮೂರನೆಯದೇ ನಿಜವಾದ ತಲೆನೋವು: ಬಾಳಿಕೆ. ಬ್ಯಾಂಡ್‌ಗ್ಯಾಪ್ ಏರಿಸಲು ಅಯೋಡಿನ್ ಜತೆ ಬ್ರೋಮಿನ್ ಬೆರೆಸುತ್ತಾರೆ. ಬೆಳಕು ಬಿದ್ದಾಗ ಇವೆರಡೂ ಬೇರ್ಪಟ್ಟು ಅಲ್ಲಲ್ಲಿ ಅಯೋಡಿನ್ ಹೆಚ್ಚಿರುವ ಚುಕ್ಕೆಗಳಾಗುತ್ತವೆ. ಅಲ್ಲಿ ಗ್ಯಾಪ್ ಕಡಿಮೆಯಾದ್ದರಿಂದ ವೋಲ್ಟೇಜ್ ಕುಸಿಯುತ್ತದೆ, ಕತ್ತಲಲ್ಲಿಟ್ಟರೆ ಬಹುಮಟ್ಟಿಗೆ ಸರಿಯಾಗುತ್ತದೆ. ಸೀಸಿಯಂ ಸೇರಿಸಿದರೆ ಈ ಚಲನೆ ತಗ್ಗುತ್ತದೆ. ತೇವ ಒಳಸೇರಿದರೆ ಮಾತ್ರ ಪದರ ಒಡೆದು ಹಳದಿ ಸೀಸದ ಅಯೋಡೈಡ್ ಉಳಿಯುತ್ತದೆ, ಅದು ವಾಪಸು ಬರುವುದಿಲ್ಲ. ಸಾಮಾನ್ಯ ಫಲಕಗಳಲ್ಲಿ ಬಳಸುವ ಇವಿಎ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಸುಮಾರು 150 ಡಿಗ್ರಿಯಲ್ಲಿ ಒತ್ತಿ ಅಂಟಿಸುತ್ತಾರೆ, ಮುಂದೆ ಅದು ಅಸಿಟಿಕ್ ಆಮ್ಲವನ್ನೂ ಬಿಡುತ್ತದೆ. ಎರಡೂ ಪೆರೋವ್‌ಸ್ಕೈಟ್‌ಗೆ ಒಗ್ಗದ ಕಾರಣ ಪಾಲಿಓಲೆಫಿನ್ ಹಾಳೆ, ಎರಡೂ ಬದಿ ಗಾಜು, ಅಂಚಿಗೆ ಬ್ಯೂಟೈಲ್ ರಬ್ಬರ್ ಪಟ್ಟಿ ಬೇಕಾಗುತ್ತದೆ. ಫಲಕಗಳ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ 85 ಡಿಗ್ರಿ ಬಿಸಿ, ಶೇ 85 ತೇವದಲ್ಲಿ 1000 ಗಂಟೆ, ಜತೆಗೆ ಮೈನಸ್ 40ರಿಂದ 85 ಡಿಗ್ರಿಗೆ 200 ಬಾರಿ ಏರಿಳಿತ ಇರುತ್ತದೆ. ಇದನ್ನು ದಾಟಿದ ಮಾತ್ರಕ್ಕೆ 25 ವರ್ಷದ ಭರವಸೆ ಸಿಕ್ಕಂತಲ್ಲ. ಕತ್ತಲಲ್ಲಿ ನಡೆಯುವ ತೇವದ ಪರೀಕ್ಷೆಯಲ್ಲಿ ಬೆಳಕಿನಿಂದ ಆಗುವ ಅಯಾನುಗಳ ಓಡಾಟ ಕಾಣಿಸುವುದೇ ಇಲ್ಲ.

ದಾಖಲೆ ಓದುವಾಗ ಇನ್ನೊಂದನ್ನು ಗಮನಿಸಿ. ವೋಲ್ಟೇಜನ್ನು ಮೇಲಿನಿಂದ ಕೆಳಗೆ ಇಳಿಸುತ್ತಾ ಅಳೆದರೆ ಒಂದು ದಕ್ಷತೆ, ಕೆಳಗಿನಿಂದ ಏರಿಸುತ್ತಾ ಅಳೆದರೆ ಇನ್ನೊಂದು ದಕ್ಷತೆ ಬರುವುದು ಪೆರೋವ್‌ಸ್ಕೈಟ್‌ನ ಗುಣ. ಗರಿಷ್ಠ ಶಕ್ತಿಯ ಬಿಂದುವಿನಲ್ಲಿ ಹಿಡಿದಿಟ್ಟು, ಏರಿಳಿತ ನಿಂತ ಮೇಲೆ ಅಳೆದ ಅಂಕಿ ಕೊಟ್ಟಿದ್ದರೆ ಅದನ್ನು ನಂಬಬಹುದು.

ಬಿಳಿಗಾವಿನ ಶಾಖ: ಥರ್ಮೋಫೋಟೊವೋಲ್ಟಾಯಿಕ್

ಸೂರ್ಯನ ಬದಲು ಕಣ್ಣೆದುರೇ 2000 ಡಿಗ್ರಿ ಬಿಸಿಯ ಗ್ರಾಫೈಟ್ ದಿಮ್ಮಿ ಇದೆ ಎಂದುಕೊಳ್ಳಿ. ಅದು ಸೂಸುವ ಬೆಳಕಿಗೆ ಎದುರಾಗಿ ಕೋಶವಿಟ್ಟರೆ ವಿದ್ಯುತ್ ಬರುತ್ತದೆ. ಆ ದಿಮ್ಮಿಯನ್ನು ಹೆಚ್ಚುವರಿ ಸೌರವಿದ್ಯುತ್ತಿನಿಂದ ಕಾಯಿಸಿದ್ದರೆ ಅದೊಂದು ಶಾಖದ ಬ್ಯಾಟರಿ. ತಿರುಗುವ ಭಾಗ ಒಂದೂ ಇಲ್ಲ.

2022ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಮತ್ತು ನವೀಕರಿಸಬಹುದಾದ ಇಂಧನದ ರಾಷ್ಟ್ರೀಯ ಪ್ರಯೋಗಾಲಯ ಎನ್‌ಆರ್‌ಇಎಲ್ ತಂಡ 2400 ಡಿಗ್ರಿಯ ಮೂಲದೆದುರು ಶೇ 41.1 ದಕ್ಷತೆ ಅಳೆಯಿತು. ಕೋಶದ ಬ್ಯಾಂಡ್‌ಗ್ಯಾಪ್ 1.4 ಮತ್ತು 1.2 ಎಲೆಕ್ಟ್ರಾನ್‌ವೋಲ್ಟ್, ಉತ್ಪನ್ನ ಚದರ ಸೆಂಟಿಮೀಟರಿಗೆ ಸುಮಾರು 2.4 ವಾಟ್. ನಡುಮಧ್ಯಾಹ್ನದ ಬಿಸಿಲಿನ ಒಟ್ಟು ಶಕ್ತಿಯೇ ಅಷ್ಟು ಜಾಗಕ್ಕೆ 0.1 ವಾಟ್ ಎಂಬುದನ್ನು ನೆನಪಿಡಿ.

ಗುಟ್ಟು ಇರುವುದು ಕೋಶದ ಬೆನ್ನಿನ ಕನ್ನಡಿಯಲ್ಲಿ. ಸೂರ್ಯನಿಗೆ ಬೆಳಕನ್ನು ವಾಪಸು ಕಳಿಸಿ ಉಪಯೋಗವಿಲ್ಲ, ಆದರೆ ಇಲ್ಲಿ ಬಳಕೆಗೆ ಬಾರದ ಅವಕೆಂಪನ್ನು ಕನ್ನಡಿ ಹಿಂದಕ್ಕೆ ದಿಮ್ಮಿಗೇ ಕಳಿಸಿದರೆ ಅದು ಮತ್ತೆ ಶಾಖವಾಗಿ ಉಳಿಯುತ್ತದೆ. ದಿಮ್ಮಿಯನ್ನು ಆದರ್ಶ ಕಪ್ಪುಕಾಯವೆಂದು (ಬಿದ್ದ ಬೆಳಕನ್ನೆಲ್ಲ ಹೀರಿ, ತನ್ನ ಬಿಸಿಗೆ ತಕ್ಕಂತೆ ಸೂಸುವ ವಸ್ತು) ಹಿಡಿದು ಲೆಕ್ಕ ಹಾಕಿದರೆ, 2400 ಡಿಗ್ರಿಯಲ್ಲೂ ಹೊರಬೀಳುವ ಶಕ್ತಿಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು 1.2 ಎಲೆಕ್ಟ್ರಾನ್‌ವೋಲ್ಟ್‌ಗಿಂತ ಕೆಳಗಿನದು. ಆ ಪ್ರಯೋಗದ ಕನ್ನಡಿ ಶೇ 93ರಷ್ಟನ್ನು ಹಿಂತಿರುಗಿಸುತ್ತಿತ್ತು. ಕೇಳಲು ಚೆನ್ನಾಗಿದೆ. ಆದರೂ ಉಳಿದ ಶೇ 7, ಕೋಶ ಹೀರುವ ಒಟ್ಟು ಶಕ್ತಿಯ ಸುಮಾರು ಐದನೇ ಒಂದನ್ನು ವ್ಯರ್ಥ ಬಿಸಿಯಾಗಿಸುತ್ತದೆ. ಅದೇ ಕನ್ನಡಿ ಶೇ 98ಕ್ಕೆ ಏರಿದರೆ ನಷ್ಟ ಹದಿನೈದನೇ ಒಂದು ಪಾಲಿಗೆ ಇಳಿಯುತ್ತದೆ. ಮೂಲದ ಬಿಸಿ 1900ಕ್ಕೆ ಇಳಿದರೆ ಬಳಕೆಯಾಗದ ಪಾಲು ಇನ್ನೂ ಹಿಗ್ಗಿ, ಕನ್ನಡಿಯ ಪ್ರತಿ ಅಂಶವೂ ದುಬಾರಿಯಾಗುತ್ತದೆ.

ಅಡಚಣೆಗಳೂ ಇಲ್ಲೇ ಇವೆ. ಶೇ 41ರ ದಕ್ಷತೆಯಲ್ಲೂ ಪ್ರತಿ ಚದರ ಸೆಂಟಿಮೀಟರಿನಿಂದ 3.4 ವಾಟ್ ಬಿಸಿಯನ್ನು ನೀರಿನಿಂದ ಹೊರತೆಗೆಯುತ್ತಲೇ ಇರಬೇಕು. ಗ್ರಾಫೈಟ್ ಗಾಳಿಯಲ್ಲಿ ಉರಿದುಹೋಗುವುದರಿಂದ ಆರ್ಗಾನ್‌ನಂಥ ಜಡ ಅನಿಲ ತುಂಬಬೇಕು. ಅಷ್ಟು ಬಿಸಿಯಲ್ಲಿ ದಿಮ್ಮಿಯಿಂದ ಆವಿಯಾದ ಪದಾರ್ಥ ನಿಧಾನವಾಗಿ ಕೋಶದ ಮೇಲೆ ಕೂತರೆ ಬೆಳಕೂ ಕನ್ನಡಿಯೂ ಮಂಕಾಗುತ್ತವೆ. ಮೂಲದಿಂದ ಗೋಡೆಗಳ ಮೂಲಕ ಸೋರುವ ಶಾಖ ಶೇ 41ರ ಲೆಕ್ಕದಲ್ಲಿ ಸೇರಿಲ್ಲ, ಅದು ಕೋಶದ ದಕ್ಷತೆ ಮಾತ್ರ. ಬಿಸಿಲಿನಿಂದ ನೇರವಾಗಿ ಹೊರಸೂಸುಕವನ್ನು, ಅಂದರೆ ಬೆಳಕು ಸೂಸುವ ವಸ್ತುವನ್ನು, ಕಾಯಿಸಿ ಇಡೀ ವ್ಯವಸ್ಥೆಯನ್ನು ಅಳೆದ 2016ರ ಎಂಐಟಿ ಪ್ರಯೋಗದಲ್ಲಿ ಬಂದದ್ದು ಶೇ 6.8.

ಕರಗಿದ ಉಪ್ಪು

ಕನ್ನಡಿಗಳಿಂದ ಬಿಸಿಲನ್ನು ಗೋಪುರದ ತುದಿಗೆ ಹಾಯಿಸಿ ಉಪ್ಪು ಕಾಯಿಸುವ ಸ್ಥಾವರಗಳು ಹೊಸವಲ್ಲ. ಸ್ಪೇನಿನ 19.9 ಮೆಗಾವಾಟ್‌ನ ಹೆಮಾಸೊಲಾರ್ 2011ರಿಂದಲೂ 15 ಗಂಟೆಯ ಸಂಗ್ರಹದೊಂದಿಗೆ ನಡೆಯುತ್ತಿದೆ. ಉಪ್ಪು ಅಂದರೆ ಶೇ 60 ಸೋಡಿಯಂ ನೈಟ್ರೇಟ್, ಶೇ 40 ಪೊಟ್ಯಾಶಿಯಂ ನೈಟ್ರೇಟ್. 290 ಡಿಗ್ರಿಯ ತೊಟ್ಟಿಯಿಂದ ಏರಿ, 565 ಡಿಗ್ರಿಯಾಗಿ ಇನ್ನೊಂದು ತೊಟ್ಟಿಗೆ ಇಳಿಯುತ್ತದೆ. ಒಂದು ಟನ್ ಉಪ್ಪು ಈ ಏರಿಕೆಯಲ್ಲಿ ಸುಮಾರು 115 ಯೂನಿಟ್ ಶಾಖ ಹಿಡಿಯುತ್ತದೆ, ಶೇ 40ರ ಟರ್ಬೈನಿನಲ್ಲಿ ಅದು 46 ಯೂನಿಟ್ ವಿದ್ಯುತ್. ಸಾವಿರಗಟ್ಟಲೆ ಟನ್ ಏಕೆ ಬೇಕೆಂದು ಇದರಿಂದಲೇ ಗೊತ್ತಾಗುತ್ತದೆ.

ಈ ಉಪ್ಪು 240 ಡಿಗ್ರಿ ಹತ್ತಿರ ಬಂದಾಗ ಗಟ್ಟಿಯಾಗತೊಡಗುತ್ತದೆ. ಕೊಳವೆಯೊಳಗೆ ಹೆಪ್ಪುಗಟ್ಟಿದರೆ ಬಿಡಿಸುವುದು ಸುಲಭವಲ್ಲ. ಅದಕ್ಕೇ ಪ್ರತಿ ಕೊಳವೆಗೂ ವಿದ್ಯುತ್ ಹೀಟರ್ ತಂತಿ ಸುತ್ತಿ, ಇಳಿಜಾರು ಕೊಟ್ಟು, ರಾತ್ರಿ ಗೋಪುರದಿಂದ ಪೂರ್ತಿ ಬಸಿದುಬಿಡುತ್ತಾರೆ. 600 ಡಿಗ್ರಿ ದಾಟಿದರೆ ನೈಟ್ರೇಟ್ ಒಡೆಯುತ್ತದೆ, ಹಾಗಾಗಿ ಮೇಲಕ್ಕೂ ದಾರಿಯಿಲ್ಲ. ತೊಟ್ಟಿಯ ತಳ ಹಿಗ್ಗಿ ಕುಗ್ಗಿ ಬಿರುಕು ಬಿಡುವುದು ಇನ್ನೊಂದು ಸಮಸ್ಯೆ. ಅಮೆರಿಕದ ನೆವಾಡಾದ 110 ಮೆಗಾವಾಟ್ ಕ್ರೆಸೆಂಟ್ ಡ್ಯೂನ್ಸ್ ಸ್ಥಾವರ 2016ರಲ್ಲಿ ಉಪ್ಪಿನ ತೊಟ್ಟಿ ಸೋರಿ ತಿಂಗಳುಗಟ್ಟಲೆ ನಿಂತಿತ್ತು. ಇದಕ್ಕಾಗಿಯೇ ಉಪ್ಪಿನ ಬದಲು ಮರಳಿನಂಥ ಸೆರಾಮಿಕ್ ಕಣಗಳನ್ನು ಕೇಂದ್ರೀಕರಿಸಿದ ಬಿಸಿಲಿನ ಮೂಲಕ ಪರದೆಯಂತೆ ಬೀಳಿಸಿ 700 ಡಿಗ್ರಿಗೂ ಮೇಲೆ ಒಯ್ಯುವ ಪ್ರಯೋಗಗಳು ನಡೆದಿವೆ. ಅದರ ಜತೆಗೆ ಹಬೆಯ ಬದಲು 73 ವಾಯುಭಾರ ಒತ್ತಡಕ್ಕಿಂತ ಮೇಲೆ, 31 ಡಿಗ್ರಿಗಿಂತ ಬಿಸಿಯಾಗಿರುವ ಕಾರ್ಬನ್ ಡೈಆಕ್ಸೈಡ್‌ನಿಂದ ತಿರುಗುವ, ಗಾತ್ರದಲ್ಲಿ ಬಹಳ ಚಿಕ್ಕದಾದ ಟರ್ಬೈನುಗಳನ್ನೂ ಪರೀಕ್ಷಿಸುತ್ತಿದ್ದಾರೆ.

150 ಡಿಗ್ರಿಯ ಲೆಕ್ಕ

ಥಾಮಸ್ ಸೀಬೆಕ್ 1821ರಲ್ಲಿ ಕಂಡ ಪರಿಣಾಮವೇ ಥರ್ಮೋಎಲೆಕ್ಟ್ರಿಕ್ ಮಾಡ್ಯೂಲಿನ ಆಧಾರ: ಎರಡು ಬೇರೆ ಲೋಹ ಅಥವಾ ಅರೆವಾಹಕಗಳ ಜೋಡಣೆಯ ಒಂದು ತುದಿ ಬಿಸಿ, ಇನ್ನೊಂದು ತಣ್ಣಗಿದ್ದರೆ ವೋಲ್ಟೇಜ್ ಹುಟ್ಟುತ್ತದೆ. 4 ಸೆಂಟಿಮೀಟರ್ ಚೌಕದ ಸಾಮಾನ್ಯ ಮಾಡ್ಯೂಲಿನಲ್ಲಿ ಬಿಸ್ಮತ್ ಟೆಲ್ಯುರೈಡ್‌ನ 127 ಜೋಡಿ ಕಾಲುಗಳಿರುತ್ತವೆ. ಒಂದೊಂದು ಕಾಲಿಗೆ ಡಿಗ್ರಿಗೆ ಸುಮಾರು 200 ಮೈಕ್ರೋವೋಲ್ಟ್, ಒಟ್ಟು ಮಾಡ್ಯೂಲಿಗೆ ಡಿಗ್ರಿಗೆ 50 ಮಿಲಿವೋಲ್ಟ್. ಒಳಪ್ರತಿರೋಧ 2 ಓಮ್ ಎಂದು ಹಿಡಿಯೋಣ.

ಬಿಸಿ ತಟ್ಟೆ 150 ಡಿಗ್ರಿ, ಗಾಳಿ 30 ಡಿಗ್ರಿ. ಅಂತರ 120, ವೋಲ್ಟೇಜ್ 6, ಹೊಂದುವ ಲೋಡ್ ಕೊಟ್ಟರೆ 4.5 ವಾಟ್. ಕಾಗದದ ಮೇಲೆ ಹೀಗೆ ಬಂದು ಕೈಗೆ ಅರ್ಧವೂ ಸಿಗದಿರುವುದು ಬಹಳ ಸಾಮಾನ್ಯ. ಶಾಖ ಹರಿಯುವ ದಾರಿಯಲ್ಲಿ ಮಾಡ್ಯೂಲ್ ಒಂದೇ ಇರುವುದಿಲ್ಲ ಎಂಬುದೇ ಕಾರಣ. ಮಾಡ್ಯೂಲಿನ ಶಾಖತಡೆ ಪ್ರತಿ ವಾಟಿಗೆ 1.6 ಡಿಗ್ರಿ, ಗಾಳಿಯ ಹೀಟ್‌ಸಿಂಕಿನದು 0.8, ಶಾಖ ದಾಟಿಸಲು ಎರಡು ಬದಿಗೆ ಹಚ್ಚುವ ಪೇಸ್ಟ್ ಸೇರಿ 0.2 ಎಂದಿಟ್ಟುಕೊಂಡರೆ ಒಟ್ಟು 2.6. ಹರಿಯುವ ಶಾಖ 46 ವಾಟ್, ಮಾಡ್ಯೂಲಿಗೆ ದಕ್ಕುವ ಅಂತರ 74 ಡಿಗ್ರಿ ಮಾತ್ರ, ಸಿಗುವುದು 1.7 ವಾಟ್. ದಕ್ಷತೆ ಶೇ 3.7. ಹೀಟ್‌ಸಿಂಕ್ ತೆಗೆದು ನೀರು ಹರಿಯುವ 0.1ರ ತಟ್ಟೆ ಕೂರಿಸಿ, ಬೇರೇನೂ ಬದಲಿಸಬೇಡಿ: ಅಂತರ 101 ಡಿಗ್ರಿಯಾಗಿ 3.2 ವಾಟ್ ಬರುತ್ತದೆ. ಶಕ್ತಿ ಅಂತರದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಹಣವನ್ನು ಉತ್ತಮ ಮಾಡ್ಯೂಲಿಗಿಂತ ಮೊದಲು ತಣ್ಣನೆಯ ಬದಿಗೆ ಹಾಕುವುದೇ ಲಾಭ.

ಜೋಡಿಸುವಾಗ ಮೇಲ್ಮೈಗಳು ನೂರನೇ ಮಿಲಿಮೀಟರ್ ಮಟ್ಟಕ್ಕೆ ಸಮತಟ್ಟಾಗಿರಬೇಕು, ಪೇಸ್ಟ್ ತೆಳ್ಳಗಿರಬೇಕು. ಒತ್ತಡ ಸುಮಾರು 1 ಮೆಗಾಪಾಸ್ಕಲ್ ಬೇಕು. ನಾಲ್ಕು ಸೆಂಟಿಮೀಟರ್ ಚೌಕದ ಮೇಲೆ ಅದು 160 ಕಿಲೋ ಭಾರ ಹೇರಿದಂತೆ, ಹಾಗಾಗಿ ಕ್ಲಿಪ್ಪು ಸಾಲದು, ಬೋಲ್ಟುಗಳೇ ಆಗಬೇಕು. ಕಾದಾಗ ಬೋಲ್ಟು ಹಿಗ್ಗಿ ಸಡಿಲವಾಗುವುದರಿಂದ ಕೆಳಗೆ ಬಟ್ಟಲಾಕಾರದ ಸ್ಪ್ರಿಂಗ್ ವಾಷರ್ ಹಾಕಬೇಕು. ಒಂದು ಬದಿಯನ್ನು ಮೊದಲು ಪೂರ್ತಿ ಬಿಗಿದರೆ ಸೆರಾಮಿಕ್ ತಟ್ಟೆ ಬಿರುಕು ಬಿಡುತ್ತದೆ, ಎದುರುಬದುರು ಸ್ವಲ್ಪ ಸ್ವಲ್ಪ ಬಿಗಿಯಬೇಕು. ತಂಪು ಮಾಡಲೆಂದು ಮಾರುವ ಪೆಲ್ಟಿಯರ್ ಮಾಡ್ಯೂಲ್ ಕೂಡ ವಿದ್ಯುತ್ ಕೊಡುತ್ತದೆ, ಆದರೆ ಹಲವುಗಳಲ್ಲಿರುವ ಬಿಸ್ಮತ್-ತವರದ ಬೆಸುಗೆ 138 ಡಿಗ್ರಿಗೇ ಕರಗುತ್ತದೆ. ಸೌರಫಲಕಕ್ಕೆ ಮಾಡಿದ ಚಾರ್ಜರ್ ಕೂಡ ಇಲ್ಲಿ ಹೊಂದುವುದಿಲ್ಲ. ಫಲಕದ ಗರಿಷ್ಠ ಶಕ್ತಿ ತೆರೆದ (ಲೋಡ್ ಇಲ್ಲದಾಗಿನ) ವೋಲ್ಟೇಜಿನ ಸುಮಾರು ಶೇ 80ರಲ್ಲಿ ಸಿಕ್ಕರೆ ಈ ಮಾಡ್ಯೂಲಿನದು ಅರ್ಧದಲ್ಲಿ ಸಿಗುತ್ತದೆ.

ಸೌರಫಲಕದ ಬೆನ್ನಿಗೆ ಇಂಥ ಮಾಡ್ಯೂಲ್ ಅಂಟಿಸಿ ವ್ಯರ್ಥ ಬಿಸಿಯನ್ನೂ ವಿದ್ಯುತ್ತಾಗಿಸಬಾರದೇಕೆ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಮಾಡ್ಯೂಲಿಗೆ 10 ಡಿಗ್ರಿ ಅಂತರ ಬೇಕಾದರೆ ಕೋಶ 10 ಡಿಗ್ರಿ ಹೆಚ್ಚು ಬಿಸಿಯಾಗಬೇಕು. ಶೇ 20ರ ಫಲಕ ಅದರಿಂದ ಬಿಸಿಲಿನ ಶೇ 0.7ರಷ್ಟು ಕಳೆದುಕೊಳ್ಳುತ್ತದೆ. 10 ಡಿಗ್ರಿಯಲ್ಲಿ ಮಾಡ್ಯೂಲ್ ಗಳಿಸುವುದು ಶೇ 0.4. ನಿವ್ವಳ ನಷ್ಟ. ಬೆನ್ನಿಗೆ ನೀರಿನ ಕೊಳವೆ ಕೂರಿಸಿ ಸ್ನಾನಕ್ಕೆ ಬೆಚ್ಚನೆಯ ನೀರು ಪಡೆಯುವುದರಲ್ಲಿ ಹೆಚ್ಚು ಅರ್ಥವಿದೆ.

ಹಾಗಾದರೆ ಶೇ 4ರ ಸಾಧನ ಯಾರಿಗೆ ಬೇಕು? ದುರಸ್ತಿಗೆ ಯಾರೂ ಹೋಗಲಾಗದ ಕಡೆ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳು ಪ್ಲುಟೋನಿಯಂ-238ರ ಶಾಖದಿಂದ ಸಿಲಿಕಾನ್-ಜರ್ಮೇನಿಯಂ ಜೋಡಿಗಳ ಮೂಲಕ ಆರಂಭದಲ್ಲಿ ತಲಾ 470 ವಾಟ್ ಪಡೆಯುತ್ತಿದ್ದವು. ಮಂಗಳದ ಕ್ಯೂರಿಯಾಸಿಟಿ ಸುಮಾರು 2000 ವಾಟ್ ಶಾಖದಿಂದ 110 ವಾಟ್ ಪಡೆಯುವಂತೆ ರೂಪುಗೊಂಡಿತ್ತು.

ಇನ್ನೂ ಕೆಳಗೆ

100 ಡಿಗ್ರಿಗಿಂತ ತಣ್ಣನೆಯ ಶಾಖ ಬೇಕಾದಷ್ಟಿದ್ದರೆ, ಬೇಗ ಕುದಿಯುವ ದ್ರವದಿಂದ ಟರ್ಬೈನ್ ತಿರುಗಿಸುವ ಆರ್ಗ್ಯಾನಿಕ್ ರ‍್ಯಾಂಕಿನ್ ಚಕ್ರ ಥರ್ಮೋಎಲೆಕ್ಟ್ರಿಕ್‌ಗಿಂತ ಮೇಲು. ಅಲಾಸ್ಕಾದ ಚೇನಾದಲ್ಲಿ 2006ರಿಂದ 74 ಡಿಗ್ರಿಯ ಬಿಸಿನೀರ ಬುಗ್ಗೆಯಿಂದ ವಿದ್ಯುತ್ ತೆಗೆಯುತ್ತಿದ್ದಾರೆ, ದಕ್ಷತೆ ಶೇ 8ರ ಆಸುಪಾಸು. ತಣ್ಣೀರು 4 ಡಿಗ್ರಿ ಇರುವುದರಿಂದಲೇ ಅದು ಸಾಧ್ಯ.

ರಾತ್ರಿಯ ಆಕಾಶವನ್ನೇ ತಣ್ಣನೆಯ ಬದಿಯಾಗಿ ಬಳಸುವ ಪ್ರಯೋಗಗಳೂ ಇವೆ. 8ರಿಂದ 13 ಮೈಕ್ರಾನ್ ತರಂಗಾಂತರದ ಅವಕೆಂಪಿಗೆ ವಾತಾವರಣ ಬಹುಪಾಲು ಪಾರದರ್ಶಕ. ಆ ದಾರಿಯಲ್ಲಿ ಶಾಖವನ್ನು ಅಂತರಿಕ್ಷಕ್ಕೆ ಸೂಸುವ ತಟ್ಟೆ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. 2019ರಲ್ಲಿ ಈ ಅಂತರಕ್ಕೆ ಥರ್ಮೋಎಲೆಕ್ಟ್ರಿಕ್ ಜೋಡಿಸಿದಾಗ ಚದರ ಮೀಟರಿಗೆ 25 ಮಿಲಿವಾಟ್, 2022ರಲ್ಲಿ ಸೌರಕೋಶವನ್ನೇ ತಟ್ಟೆಯಾಗಿ ಬಳಸಿದಾಗ 50 ಮಿಲಿವಾಟ್ ಸಿಕ್ಕಿತು. "ರಾತ್ರಿಯೂ ದುಡಿಯುವ ಸೌರಫಲಕ" ಎಂದು ಸುದ್ದಿಯಾದದ್ದು ಇದೇ. ಹಗಲಿನ 200 ವಾಟಿಗೆ ಹೋಲಿಸಿದರೆ ನಾಲ್ಕು ಸಾವಿರದಲ್ಲಿ ಒಂದು ಪಾಲು. ಮೋಡ ಕವಿದರೆ ಅದೂ ಇಲ್ಲ.

ಆದರೆ ಕೆಲವು ನಿಮಿಷಕ್ಕೊಮ್ಮೆ ಮಾತ್ರ ಎಚ್ಚೆತ್ತು ಅಳತೆ ಕಳಿಸುವ ಸೆನ್ಸರಿಗೆ ಸರಾಸರಿ 50 ಮೈಕ್ರೋವಾಟ್ ಸಾಕು. 500 ಲಕ್ಸ್‌ನ ಎಲ್ಇಡಿ ಬೆಳಕಿನ ಕೋಣೆಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 150 ಮೈಕ್ರೋವಾಟ್ ಬೆಳಕಿರುತ್ತದೆ. 5 ಸೆಂಟಿಮೀಟರ್ ಚೌಕದ ಕೋಶ ಶೇ 10ರ ದಕ್ಷತೆಯಲ್ಲೂ 375 ಮೈಕ್ರೋವಾಟ್ ಕೊಡುತ್ತದೆ. ಇಲ್ಲಿ ಮಹಡಿಯ ಮೇಲಿನ ಹರಳು ಸಿಲಿಕಾನಿಗಿಂತ ಕ್ಯಾಲ್ಕುಲೇಟರಿನ ಅಮಾರ್ಫಸ್ (ಹರಳಾಗದ) ಸಿಲಿಕಾನ್ ಮೇಲು. ಅದರ 1.7ರ ಗ್ಯಾಪ್ ಎಲ್ಇಡಿ ಬೆಳಕಿಗೆ ಹೊಂದುತ್ತದೆ, ಮಂದ ಬೆಳಕಿನಲ್ಲಿ ವೋಲ್ಟೇಜ್ ಅಷ್ಟು ಕುಸಿಯುವುದಿಲ್ಲ. ಮೈಶಾಖದಿಂದ ನಡೆಯುವ ಸಾಧನಕ್ಕೆ ಸಿಗುವುದು ಒಂದೆರಡು ಡಿಗ್ರಿ ಅಂತರ, ಕೆಲವು ಹತ್ತು ಮಿಲಿವೋಲ್ಟ್. 1:100 ಟ್ರಾನ್ಸ್‌ಫಾರ್ಮರ್ ಜತೆ 20 ಮಿಲಿವೋಲ್ಟಿನಿಂದಲೇ ಶುರುವಾಗುವ ಐಸಿಗಳಿವೆ, ಬಹುತೇಕ ಉಳಿದವು ಶುರುವಾಗಲು ಕೆಲವು ನೂರು ಮಿಲಿವೋಲ್ಟ್ ಕೇಳುತ್ತವೆ. ಒಮ್ಮೆ ಖಾಲಿಯಾದರೆ ಮತ್ತೆ ಏಳದ ಸರ್ಕ್ಯೂಟುಗಳಲ್ಲಿ ಹುಡುಕಬೇಕಾದ ಮೊದಲ ದೋಷ ಇದು. ಎರಡನೆಯದು ವಿದ್ಯುತ್ ಕೂಡಿಡುವ ಸೂಪರ್‌ಕೆಪಾಸಿಟರಿನ ಸೋರಿಕೆ: 3 ವೋಲ್ಟಿನಲ್ಲಿ 5 ಮೈಕ್ರೋಆಂಪ್ ಸೋರಿದರೆ 15 ಮೈಕ್ರೋವಾಟ್ ಹೋಯಿತು. ಹೊಸ ಕೆಪಾಸಿಟರ್ ಮೊದಲ ಗಂಟೆಗಳಲ್ಲಿ ಇನ್ನೂ ಹೆಚ್ಚು ಸೋರುತ್ತದೆ, ಆದ್ದರಿಂದ ಅದನ್ನು ಒಂದೆರಡು ದಿನ ವೋಲ್ಟೇಜಿನಲ್ಲಿ ಇಟ್ಟ ಮೇಲೆಯೇ ಸರ್ಕ್ಯೂಟಿನ ಅಳತೆ ತೆಗೆದುಕೊಳ್ಳಬೇಕು.